ಬೆಳೆಯುವ ಬೆನ್ನಿಗೆ ಕಾಯುವ ಪುರುಸೊತ್ತಿಲ್ಲ

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವರು. ದ್ರಾಕ್ಷಿ ತೋಟ ಇದೆ. ಮಗನಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಎಣ್ಣೆ ಹಚ್ಚಿ ಎರೆಯುವಾಗ ಅವನ ಬೆನ್ನಿನ ಎಡಗಡೆ ಉಬ್ಬಿದ ಹಾಗೆ ಕಾಣುತ್ತದೆ ಎಂದು ನಮ್ಮ ಅತ್ತೆ ಹೇಳಿದರು. ಎಕ್ಸ್‌ರೇ ಮಾಡಿಸಿದೆವು. ಸ್ಕೋಲಿಯೋಸಿಸ್, ಅಂದರೆ ಬೆನ್ನೆಲುಬಿನ ಡೊಂಕು, 26 ಡಿಗ್ರಿ ಎಂದರು. ಮೂರು ತಿಂಗಳ ನಂತರ ನೋಡಿದರೆ 34 ಡಿಗ್ರಿ. ಮೈಗೆ ಪ್ಲಾಸ್ಟರ್ ಹಾಕಬೇಕು, ಎರಡು ತಿಂಗಳಿಗೊಮ್ಮೆ ಬದಲಿಸಬೇಕು ಎನ್ನುತ್ತಾರೆ. ಜೊತೆಗೆ ಒಂದು ಅಧ್ಯಯನ ನಡೆದಿದೆ, ಮಗುವನ್ನು ಸೇರಿಸುತ್ತೀರಾ ಎಂದು ಎಂಟು ಪುಟದ ಕಾಗದ ಕೊಟ್ಟಿದ್ದಾರೆ. "ನಮ್ಮ ಕೂಸಿನ ಮ್ಯಾಲೆ ಪ್ರಯೋಗ ಬ್ಯಾಡ" ಅಂತ ಮಾವ. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ಮುಗಿದ ಮೇಲೆ ನೋಡೋಣ ಅಂತ ಯಜಮಾನರು. ಬಸುರಿ ಇದ್ದಾಗ ನಾನು ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ಅತ್ತೆ. ಏನು ಮಾಡಲಿ?

ಉತ್ತರ: ತಂಗಿ, ಮೊದಲು ಚಾಟ್ನಿಯ ವಿಷಯ. ಅಷ್ಟು ದಿನ ಕಾಯಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಹೇಳುತ್ತೇನೆ, ಆದರೆ ಈ ಒಂದು ಮಾತನ್ನು ಇವತ್ತು ರಾತ್ರಿ ಊಟಕ್ಕೆ ಕುಳಿತಾಗಲೇ ಯಜಮಾನರಿಗೆ ಹೇಳಿಬಿಡಿ.

ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಸೊಂಟದ ಮೇಲೆ ಕೂರಿಸಿಕೊಂಡಿದ್ದು, ಜೋಳಿಗೆಯಲ್ಲಿ ಮಲಗಿಸಿದ್ದು, ಎರೆಯುವಾಗ ಕಾಲು ಎಳೆದದ್ದು, ಯಾವುದೂ ಕಾರಣ ಅಲ್ಲ. ನಿಮ್ಮ ಅತ್ತೆಯನ್ನು ಮಾತ್ರ ನಾನು ಮೆಚ್ಚಿದೆ. ಎಷ್ಟೋ ಮಕ್ಕಳ ಬೆನ್ನಿನ ಡೊಂಕು ಮೊದಲು ಕಾಣುವುದು ಎರೆಯುವ ಅಜ್ಜಿಯ ಕೈಗೇ. ಒದ್ದೆ ಬೆನ್ನಿನ ಮೇಲೆ ಅಂಗೈ ಓಡಾಡುವಾಗ ಒಂದು ಕಡೆ ಪಕ್ಕೆಲುಬು ಎತ್ತರ ಇದ್ದರೆ ತಟ್ಟನೆ ಗೊತ್ತಾಗುತ್ತದೆ. ನಾವು ವೈದ್ಯರು ಮಗುವನ್ನು ಅಂಗಿ ಸಮೇತ ನೋಡಿ ಕಳಿಸಿಬಿಡುತ್ತೇವೆ!

ಈಗ ಆ 26 ಮತ್ತು 34. ಇದನ್ನು ಕಾಬ್ ಕೋನ ಅನ್ನುತ್ತೇವೆ. ಅಮೆರಿಕದ ಜಾನ್ ಕಾಬ್ ಎಂಬ ವೈದ್ಯರು 1948ರಲ್ಲಿ ವಿವರಿಸಿದ ಅಳತೆ. ಡೊಂಕಿನ ಮೇಲ್ತುದಿಯಲ್ಲಿ ಹೆಚ್ಚು ವಾಲಿದ ಬೆನ್ನೆಲುಬಿನ ಮಣಿಯ ಮೇಲಂಚಿಗೆ ಒಂದು ಗೆರೆ, ಕೆಳತುದಿಯಲ್ಲಿ ಹೆಚ್ಚು ವಾಲಿದ ಮಣಿಯ ಕೆಳಂಚಿಗೆ ಇನ್ನೊಂದು. ಎರಡು ಗೆರೆ ಸೇರುವಲ್ಲಿ ಎಷ್ಟು ಡಿಗ್ರಿ ಅಂತ ನೋಡುವುದು, ಅಷ್ಟೇ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ಒಂದೇ ಎಕ್ಸ್‌ರೇಯನ್ನು ಇಬ್ಬರು ಅಳೆದರೂ ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆ ಬರುತ್ತದೆ. ಹಾಗಾಗಿ 26 ಇದ್ದದ್ದು 29 ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 8 ಡಿಗ್ರಿ ಎಂದರೆ ಅಳತೆಯ ತಪ್ಪು ಎಂದು ತಳ್ಳಿಹಾಕುವ ಹಾಗಿಲ್ಲ. ಒಂದನ್ನು ಮಾತ್ರ ಕೇಳಿ ನೋಡಿ: ಎರಡೂ ಎಕ್ಸ್‌ರೇಯನ್ನು ಒಂದೇ ಭಂಗಿಯಲ್ಲಿ ತೆಗೆದಿದ್ದಾರಾ? ಮೊದಲನೆಯದನ್ನು ಮಲಗಿಸಿ, ಎರಡನೆಯದನ್ನು ಕೂರಿಸಿ ತೆಗೆದಿದ್ದರೆ ಭಾರಕ್ಕೇ ಡೊಂಕು ಜಾಸ್ತಿ ಕಾಣುತ್ತದೆ. ಈ ಸಣ್ಣ ವಿಷಯ ಎಷ್ಟೋ ಸಲ ಯಾರ ಲಕ್ಷ್ಯಕ್ಕೂ ಬರುವುದಿಲ್ಲ.

ಇನ್ನೊಂದು ಅಳತೆ ಇದೆ. ನಿಮ್ಮ ವರದಿಯಲ್ಲಿ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಈ ವಯಸ್ಸಿನ ಮಕ್ಕಳ ಡೊಂಕಿನಲ್ಲಿ ಒಂದು ವಿಚಿತ್ರ ಇದೆ. ಬಹಳಷ್ಟು ಮಕ್ಕಳಲ್ಲಿ ಅದು ಏನೂ ಮಾಡದೆ ತಾನಾಗಿಯೇ ನೆಟ್ಟಗಾಗುತ್ತದೆ. ಕೆಲವರಲ್ಲಿ ಮಾತ್ರ ಏರುತ್ತಲೇ ಹೋಗುತ್ತದೆ. ಯಾವುದು ನೆಟ್ಟಗಾಗುವ ಜಾತಿ, ಯಾವುದು ಏರುವ ಜಾತಿ ಎಂದು ಮೊದಲೇ ತಿಳಿಯುವುದು ಹೇಗೆ? ಇದಕ್ಕೆ ದಾರಿ ತೋರಿಸಿದವರು ಮಿನ್ ಮೆಹ್ತಾ ಎಂಬ ವೈದ್ಯೆ. ಲಂಡನ್ ಅಂಚಿನ ಸ್ಟ್ಯಾನ್‌ಮೋರ್‌ನ ಎಲುಬಿನ ಆಸ್ಪತ್ರೆಯಲ್ಲಿದ್ದವರು. ಡೊಂಕಿನ ನಡುಮಧ್ಯದ ಮಣಿಗೆ ಎಡಗಡೆ, ಬಲಗಡೆ ಪಕ್ಕೆಲುಬುಗಳು ಎಷ್ಟು ಕೋನದಲ್ಲಿ ಸೇರಿವೆ ಎಂದು ಅಳೆದು, ಎರಡರ ವ್ಯತ್ಯಾಸ ತೆಗೆಯಿರಿ ಎಂದು 1972ರಲ್ಲಿ ಬರೆದರು. ವ್ಯತ್ಯಾಸ 20 ಡಿಗ್ರಿಗಿಂತ ಕಡಿಮೆ ಇದ್ದ ಡೊಂಕುಗಳಲ್ಲಿ ಹೆಚ್ಚಿನವು ನೆಟ್ಟಗಾದವು. 20 ದಾಟಿದವುಗಳಲ್ಲಿ ಹೆಚ್ಚಿನವು ಏರಿದವು. ಒಂದು ಪೆನ್ಸಿಲ್, ಒಂದು ಕೋನಮಾಪಕ ಇದ್ದರೆ ಸಾಕು. ಐವತ್ತು ವರ್ಷ ಆದರೂ ನಾವು ಅದನ್ನೇ ಅಳೆಯುತ್ತೇವೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಒಂದೂವರೆ ವರ್ಷದ ಹುಡುಗನನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಿದ್ದರು. "ಸಣ್ಣ ಮಕ್ಕಳದ್ದು ತಾನೇ ಸರಿಹೋಗುತ್ತದೆ, ಆರು ತಿಂಗಳು ಬಿಟ್ಟು ಬನ್ನಿ" ಎಂದೆ. ಪಕ್ಕೆಲುಬಿನ ಕೋನ ಅಳೆದಿರಲಿಲ್ಲ. ಅವರು ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಸುಗ್ಗಿ, ಮದುವೆ, ಬಾಣಂತನ, ಮನೆ ಅಂದ ಮೇಲೆ ಇದ್ದದ್ದೇ ಅಲ್ವಾ. ಅಷ್ಟರಲ್ಲಿ ಡೊಂಕು 60 ದಾಟಿತ್ತು. ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಬೆವರಿದ್ದು ನನಗೆ ಇನ್ನೂ ನೆನಪಿದೆ. "ಸುಮ್ನೆ ಕಾಯಿರಿ" ಎಂದು ಯಾರಿಗೂ ಅಳೆಯದೆ ಹೇಳಬಾರದು ಎಂದು ಅವತ್ತು ಕಲಿತೆ.

ಯಾಕೆ ಇಷ್ಟು ಅವಸರ? ಹುಟ್ಟಿದಾಗಿನಿಂದ ಐದು ವರ್ಷದೊಳಗೆ ಎದೆ ಮತ್ತು ಸೊಂಟದ ಬೆನ್ನೆಲುಬು ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ. ಐದರಿಂದ ಹತ್ತರವರೆಗೆ ಅದರ ಅರ್ಧ ಮಾತ್ರ. ಆಮೇಲೆ ದೊಡ್ಡವರಾಗುವ ವಯಸ್ಸಿನಲ್ಲಿ ಇನ್ನೊಮ್ಮೆ ಜೋರಾಗಿ ಬೆಳೆಯುತ್ತದೆ. ಅಂದರೆ ನಿಮ್ಮ ಮಗ ಈಗ ಓಡುವ ಕುದುರೆಯ ಮೇಲೆ ಕೂತಿದ್ದಾನೆ. ಡೊಂಕು ಇದ್ದರೆ ಈ ಬೆಳವಣಿಗೆಯೇ ಅದನ್ನು ಏರಿಸುತ್ತದೆ. ನೆಟ್ಟಗೆ ಹಿಡಿದುಕೊಂಡರೆ ಇದೇ ಬೆಳವಣಿಗೆ ಅದನ್ನು ಸರಿಪಡಿಸುತ್ತದೆ.

ಇದನ್ನು ನಿಮ್ಮ ಯಜಮಾನರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊಸ ದ್ರಾಕ್ಷಿ ಸಸಿ ನೆಟ್ಟಾಗ ಚಿಗುರನ್ನು ಬಿದಿರು ಕೋಲಿಗೆ ಕಟ್ಟುತ್ತಾ ತಂತಿಯವರೆಗೆ ಒಯ್ಯುವುದಿಲ್ಲವೇ? ಎಳೆಯ ಚಿಗುರು ಹೇಳಿದ ಹಾಗೆ ಕೇಳುತ್ತದೆ. ಕಾಂಡ ಬಲಿತ ಮೇಲೆ ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಎಲುಬಿನ ವೈದ್ಯರ ಹಳೆಯ ಲಾಂಛನವೂ ಇದೇ, ಕೋಲಿಗೆ ಕಟ್ಟಿದ ಒಂದು ಸೊಟ್ಟ ಗಿಡ.

ಮೆಹ್ತಾ ಅವರು ಈ ಮಾತನ್ನೇ ಪ್ಲಾಸ್ಟರಿನಲ್ಲಿ ಮಾಡಿ ತೋರಿಸಿದರು. 2005ರಲ್ಲಿ ಪ್ರಕಟಿಸಿದ ಅವರ ವರದಿಯಲ್ಲಿ 136 ಮಕ್ಕಳಿದ್ದಾರೆ. ಎಲ್ಲರೂ ನಾಲ್ಕು ವರ್ಷದೊಳಗಿನವರು, ಎಲ್ಲರದ್ದೂ ಏರುತ್ತಿದ್ದ ಡೊಂಕು. 94 ಮಕ್ಕಳು ಬೇಗ ಬಂದವರು. ಸರಾಸರಿ ವಯಸ್ಸು ಒಂದು ವರ್ಷ ಏಳು ತಿಂಗಳು, ಸರಾಸರಿ ಡೊಂಕು 32 ಡಿಗ್ರಿ. ಇವರ ಬೆನ್ನು ಸರಾಸರಿ ಮೂರೂವರೆ ವರ್ಷದ ಹೊತ್ತಿಗೆ ನೆಟ್ಟಗಾಯಿತು. ಉಳಿದ 42 ಮಕ್ಕಳು ತಡವಾಗಿ ಬಂದವರು. ಸರಾಸರಿ ಎರಡೂವರೆ ವರ್ಷ, 52 ಡಿಗ್ರಿ. ಇವರಲ್ಲಿ ಡೊಂಕು ತಗ್ಗಿತು, ಹೋಗಲಿಲ್ಲ. 15 ಮಕ್ಕಳಿಗೆ ಮುಂದೆ ಬೆನ್ನಿನ ಆಪರೇಷನ್ ಆಯಿತು. ನಿಮ್ಮ ಮಗ ಯಾವ ಗುಂಪಿಗೆ ಹತ್ತಿರ ಇದ್ದಾನೆ ಎಂದು ನೀವೇ ನೋಡಿ. ಎರಡು ಗುಂಪಿನ ನಡುವೆ ಇದ್ದ ಅಂತರ ಬರೀ ಹನ್ನೊಂದು ತಿಂಗಳು.

ಆದರೆ ನಾನು ಈ ವರದಿಯನ್ನು ದೇವರ ವಾಕ್ಯದ ಹಾಗೆ ಓದುವುದಿಲ್ಲ. ಪ್ಲಾಸ್ಟರ್ ಹಾಕದೆ ಬಿಟ್ಟ ಮಕ್ಕಳ ಗುಂಪು ಅದರಲ್ಲಿ ಇಲ್ಲ. ತಡವಾಗಿ ಬಂದವರ ಡೊಂಕು ಮೊದಲೇ ದೊಡ್ಡದಿತ್ತು. ಹಾಗಾಗಿ ಫಲಿತಾಂಶ ಕೆಟ್ಟದ್ದಾದದ್ದು ತಡವಾದ್ದರಿಂದಲೋ, ಅವರ ಡೊಂಕೇ ಹಟಮಾರಿ ಜಾತಿಯದಾಗಿತ್ತೋ, ಪೂರ್ತಿ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಈ ಕಾಯಿಲೆಯ ಸಂಶೋಧನೆಯ ದೊಡ್ಡ ಕೊರತೆಯೇ ಇದು. ಮಕ್ಕಳು ಕಡಿಮೆ, ಒಬ್ಬೊಬ್ಬರದ್ದು ಒಂದೊಂದು ಥರ, ಹತ್ತು ಹದಿನೈದು ವರ್ಷ ಕಾದರೇ ಫಲ ಗೊತ್ತಾಗುವುದು. ಹದಿಹರೆಯದ ಮಕ್ಕಳ ವಿಷಯದಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ. ಬೆನ್ನು ಹಿಡಿದಿಡುವ ಬೆಲ್ಟ್ ಹಾಕಿದವರನ್ನೂ ಹಾಕದವರನ್ನೂ ಹೋಲಿಸಿದ ದೊಡ್ಡ ಅಧ್ಯಯನ 2013ರಲ್ಲಿ ಬಂತು. ಬೆಲ್ಟ್ ಹಾಕಿದವರಲ್ಲಿ ನೂರಕ್ಕೆ 72 ಮಂದಿಯ ಡೊಂಕು ಆಪರೇಷನ್ ಮಟ್ಟ ಮುಟ್ಟಲಿಲ್ಲ, ಹಾಕದವರಲ್ಲಿ 48. ಆದರೆ ಆ ಮಕ್ಕಳು 10ರಿಂದ 15 ವರ್ಷದವರು. ಆ ಲೆಕ್ಕವನ್ನು ತಂದು ನಿಮ್ಮ ಮಗನಿಗೆ ಹಚ್ಚಲು ಬರುವುದಿಲ್ಲ. ಹಚ್ಚುವವರು ಇದ್ದಾರೆ, ಹುಷಾರು.

ಈಗ ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. "ಕೂಸಿನ ಮ್ಯಾಲೆ ಪ್ರಯೋಗ ಬ್ಯಾಡ". ಅವರ ಕಾಳಜಿ ಸರಿಯಾದದ್ದೇ. ಆ ಎಂಟು ಪುಟವನ್ನು ಓದಿಸಿ ತಿಳಿದುಕೊಳ್ಳದೆ ಸಹಿ ಹಾಕಲೇಬೇಡಿ. ಆದರೆ ಅಧ್ಯಯನ ಎಂದರೆ ಎಲ್ಲವೂ ಒಂದೇ ಅಲ್ಲ. ಒಂದು ಬಗೆಯಲ್ಲಿ ವೈದ್ಯರು ಹೇಗೂ ಮಾಡುವ ಚಿಕಿತ್ಸೆಯನ್ನೇ ಮಾಡುತ್ತಾರೆ, ಅದರ ಲೆಕ್ಕ ಮಾತ್ರ ಬರೆದಿಡುತ್ತಾರೆ. ಎಕ್ಸ್‌ರೇ ಅಳತೆ, ತೂಕ, ಎತ್ತರ, ಮನೆಯವರಿಗೆ ಒಂದಿಷ್ಟು ಪ್ರಶ್ನೆ. ಈ ಮಕ್ಕಳಿಗೆಂದೇ 24 ಪ್ರಶ್ನೆಗಳ ಒಂದು ಪಟ್ಟಿ ಇದೆ. ಮಗು ಆಡುತ್ತದೆಯೇ, ಏದುಸಿರು ಬರುತ್ತದೆಯೇ, ನಿಮಗೆಷ್ಟು ಖರ್ಚಿನ ಹೊರೆ ಎಂದೆಲ್ಲ ಕೇಳುತ್ತಾರೆ. ಇದರಲ್ಲಿ ಮಗುವಿಗೆ ಹೊಸ ಅಪಾಯ ಏನೂ ಇಲ್ಲ. ನನ್ನ ಮೊಮ್ಮಗನಾಗಿದ್ದರೆ ಎರಡು ಮಾತಿಲ್ಲದೆ ಸೇರಿಸುತ್ತಿದ್ದೆ. ಲೆಕ್ಕ ಇಡುವ ಕಡೆ ಮಗುವನ್ನು ತಪ್ಪದೆ ಕರೆಸುತ್ತಾರೆ. ಹದಿನಾಲ್ಕು ತಿಂಗಳು ಮರೆತುಹೋಗುವ ಕಥೆ ಅಲ್ಲಿ ಅಪರೂಪ.

ಇನ್ನೊಂದು ಬಗೆಯಲ್ಲಿ ಎರಡು ಚಿಕಿತ್ಸೆಗಳನ್ನು ಹೋಲಿಸುತ್ತಾರೆ. ಪ್ಲಾಸ್ಟರೋ, ಬಿಚ್ಚಿ ಹಾಕುವ ಬೆಲ್ಟೋ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಆಗ ಒಂದು ಪ್ರಶ್ನೆ ಕೇಳಿ: "ಚೀಟಿಯಲ್ಲಿ ಬಂದದ್ದು ಫಲ ಕೊಡದೆ ಡೊಂಕು ಏರಿದರೆ ಎಷ್ಟು ಡಿಗ್ರಿಗೆ ಬದಲಿಸುತ್ತೀರಿ?" ಸಂಖ್ಯೆಯಲ್ಲಿ ಉತ್ತರ ಬರಬೇಕು. "ನೋಡೋಣ" ಎಂದರೆ ನಾನಾದರೆ ಎದ್ದು ಬರುತ್ತೇನೆ.

ನಿಮ್ಮ ಹಕ್ಕುಗಳೂ ಗೊತ್ತಿರಲಿ. ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷಿನದ್ದು ಕೊಟ್ಟರೆ ಕನ್ನಡದ್ದು ಕೇಳಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ ಆಸ್ಪತ್ರೆಗೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅಧ್ಯಯನಕ್ಕಾಗಿಯೇ ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದಿದ್ದಕ್ಕೆ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ನಿಮ್ಮ ಮಗ ಏಳು ವರ್ಷದೊಳಗಿನವನು, ಆದ್ದರಿಂದ ತಂದೆತಾಯಿಯ ಒಪ್ಪಿಗೆ ಸಾಕು. ಏಳು ದಾಟಿದ ಮಕ್ಕಳನ್ನಾದರೆ ಅವರನ್ನೂ ಕೇಳಬೇಕು. ಚಿಕಿತ್ಸೆ ಹೋಲಿಸುವ ಅಧ್ಯಯನವಾದರೆ ಸಿಟಿಆರ್‌ಐ ನಂಬರ್ ಕೇಳಿ. ಅದು ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ, 2007ರಲ್ಲಿ ಶುರುವಾದದ್ದು. ನಂಬರಿನಲ್ಲೇ ವರ್ಷ, ತಿಂಗಳು ಇರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಯಾರು, ಏನು, ಎಷ್ಟು ಮಕ್ಕಳ ಮೇಲೆ ಮಾಡುತ್ತಿದ್ದಾರೆ ಎಂಬುದು ಕಾಣುತ್ತದೆ.

ಲೆಕ್ಕ ಇಡುವುದು ಯಾಕೆ ಬೇಕು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಪ್ಲಾಸ್ಟರಿಗೂ ಬೆಲ್ಟಿಗೂ ಬಗ್ಗದ ಡೊಂಕಿಗೆ ಬೆನ್ನಿನಲ್ಲಿ ಉದ್ದವಾಗುವ ರಾಡ್ ಹಾಕುತ್ತಾರೆ. ಮಗು ಬೆಳೆದ ಹಾಗೆ ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಕೊಯ್ದು ರಾಡ್ ಉದ್ದ ಮಾಡಬೇಕು. ಇಂಥ 140 ಮಕ್ಕಳ ಲೆಕ್ಕ 2010ರಲ್ಲಿ ಬಂತು. ನೂರಕ್ಕೆ 58 ಮಕ್ಕಳಿಗೆ ಒಂದಾದರೂ ತೊಂದರೆ ಆಗಿತ್ತು. ರಾಡ್ ಮುರಿದದ್ದು, ಕೀವು ತುಂಬಿದ್ದು, ಹೀಗೆ. ಆಮೇಲೆ ಆಯಸ್ಕಾಂತದ ರಾಡ್ ಬಂತು. ಕೊಯ್ಯುವುದೇ ಬೇಡ, ಹೊರಗಿನಿಂದ ಯಂತ್ರ ಹಿಡಿದರೆ ಒಳಗಿನ ರಾಡ್ ಉದ್ದವಾಗುತ್ತದೆ. 2012ರಲ್ಲಿ ಹಾಂಗ್‌ಕಾಂಗಿನ ವೈದ್ಯರು ಕೆಲವೇ ಮಕ್ಕಳ ವರದಿ ಪ್ರಕಟಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. 2014ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ತೆಗೆದ ರಾಡ್‌ಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸವೆದ ಲೋಹದ ಪುಡಿ ಕಂಡಿತು. 2020ರಲ್ಲಿ ಬ್ರಿಟನ್ ಅದನ್ನು ಹೊಸದಾಗಿ ಹಾಕುವುದನ್ನೇ ನಿಲ್ಲಿಸಿತು. ಒಳ್ಳೆಯ ಉದ್ದೇಶದ, ಜಾಣತನದ ಯಂತ್ರವೇ. ಆದರೂ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಕ್ಕೇ ಇದು ಗೊತ್ತಾದದ್ದು. ನಿಮ್ಮ ಮಾವನವರಿಗೆ ಇದನ್ನು ಹೇಳಿ. ಲೆಕ್ಕ ಇಡದೆ ಹೊಸ ಚಿಕಿತ್ಸೆ ಮಾಡುವುದನ್ನೇ ನಾನು ಪ್ರಯೋಗ ಅನ್ನುತ್ತೇನೆ.

"ಒಂದೇ ಸಲ ಆಪರೇಷನ್ ಮಾಡಿ ಮಣಿಗಳನ್ನು ಬೆಸೆದುಬಿಟ್ಟರೆ ಮುಗಿಯಿತಲ್ಲ" ಎಂದು ಯಾರಾದರೂ ಹೇಳಿಯಾರು. ಈ ವಯಸ್ಸಿನಲ್ಲಿ ಬೇಡ. ಬೆಸೆದ ಬೆನ್ನು ಬೆಳೆಯುವುದಿಲ್ಲ, ಎದೆಗೂಡೂ ಬೆಳೆಯುವುದಿಲ್ಲ. ಐದು ವರ್ಷದಲ್ಲಿ ಎದೆಗೂಡಿನ ಗಾತ್ರ ದೊಡ್ಡವರದರ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ಒಳಗಿನ ಪುಪ್ಪುಸಕ್ಕೆ ಜಾಗ ಎಲ್ಲಿ? ಸಣ್ಣ ವಯಸ್ಸಿನ ಡೊಂಕನ್ನು ಹಾಗೇ ಬಿಟ್ಟರೂ ಮುಂದೆ ಉಸಿರಿಗೇ ಸಂಚಕಾರ. ಹದಿಹರೆಯದಲ್ಲಿ ಶುರುವಾದ ಡೊಂಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಪ್ಲಾಸ್ಟರಿಗೆ ಮೊದಲು ಎರಡು ಪರೀಕ್ಷೆ ಆಗಿವೆಯೇ ನೋಡಿ. ಒಂದು, ಹುಟ್ಟಿನಿಂದಲೇ ಮಣಿಗಳ ಆಕಾರ ಕೆಟ್ಟಿದೆಯೇ ಎಂಬುದು. ಹಾಗಿದ್ದರೆ ದಾರಿಯೇ ಬೇರೆ, ಮೂತ್ರಪಿಂಡ ಮತ್ತು ಹೃದಯದ ಸ್ಕ್ಯಾನ್ ಕೂಡ ಬೇಕು. ಇನ್ನೊಂದು ಎಂಆರ್‌ಐ. ಮಗು ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ಡೊಂಕು 20 ಡಿಗ್ರಿ ದಾಟಿದ ಇಷ್ಟು ಸಣ್ಣ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬೆನ್ನುಹುರಿಯಲ್ಲೋ ಮೆದುಳಿನ ಬುಡದಲ್ಲೋ ಏನಾದರೂ ದೋಷ ಸಿಗುತ್ತದೆ. ಎಂಆರ್‌ಐಗೂ ಮಂಪರು ಬೇಕು, ಪ್ಲಾಸ್ಟರಿಗೂ ಬೇಕು. ಎರಡನ್ನೂ ಒಂದೇ ಮಂಪರಿನಲ್ಲಿ ಮುಗಿಸಲು ಆಗುತ್ತದೆಯೇ ಕೇಳಿ.

ಮಂಪರಿನ ಭಯ ನಿಮಗೂ ಇರಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ತಾಸಿಗಿಂತ ಜಾಸ್ತಿ ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವಾಗ ಎಚ್ಚರ ಇರಲಿ ಎಂದು ಅಮೆರಿಕದ ಔಷಧ ಇಲಾಖೆ 2016ರಲ್ಲಿ ಹೇಳಿತು. ಹಸುಗೂಸುಗಳಿಗೆ ಒಂದೇ ಸಲ, ಒಂದು ತಾಸಿನೊಳಗೆ ಕೊಟ್ಟರೆ ಐದನೇ ವಯಸ್ಸಿನಲ್ಲಿ ಬುದ್ಧಿಗೆ ತೊಂದರೆ ಕಾಣಲಿಲ್ಲ ಎಂದು ಏಳು ದೇಶಗಳ ಅಧ್ಯಯನ 2019ರಲ್ಲಿ ಹೇಳಿತು. ಪ್ಲಾಸ್ಟರ್ ಹಾಕುವುದು ಸಣ್ಣ ಹೊತ್ತಿನ ಕೆಲಸ, ಆದರೆ ಹಲವು ಸಲ. ಹೀಗಾಗಿ ಮಗು ಎಚ್ಚರ ಇರುವಾಗಲೇ, ಮೊಬೈಲಿನಲ್ಲಿ ಕಾರ್ಟೂನ್ ತೋರಿಸುತ್ತಾ ಹಾಕಿದರೆ ಹೇಗೆ ಎಂದೂ ಕೆಲವು ಕಡೆ ನೋಡುತ್ತಿದ್ದಾರೆ.

ಪ್ಲಾಸ್ಟರಿನ ದಿನ ಏನಾಗುತ್ತದೆ ಹೇಳುತ್ತೇನೆ, ಆಗ ಹೆದರಿಕೆ ಕಡಿಮೆ ಆಗುತ್ತದೆ. ಮಗುವನ್ನು ಒಂದು ಚೌಕಟ್ಟಿನ ಮೇಲೆ ಅಂಗಾತ ಮಲಗಿಸಿ ತಲೆಯನ್ನೂ ಸೊಂಟವನ್ನೂ ಹದವಾಗಿ ಎಳೆದು ಹಿಡಿಯುತ್ತಾರೆ. ಮೈಗಂಟುವ ಬನಿಯನ್ ತೊಡಿಸಿ, ಹತ್ತಿ ಸುತ್ತಿ, ಮೇಲೆ ಪ್ಲಾಸ್ಟರ್. ಅದು ಗಟ್ಟಿಯಾಗುವ ಆ ಕೆಲವೇ ನಿಮಿಷದಲ್ಲಿ ವೈದ್ಯರು ಉಬ್ಬಿದ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಹಿಂದಿನಿಂದ ಮುಂದಕ್ಕೆ ತಿರುಗಿಸಿ ಹಿಡಿದಿರುತ್ತಾರೆ. ಒತ್ತುವುದಕ್ಕಿಂತ ತಿರುಗಿಸುವುದೇ ಮುಖ್ಯ. ಬದಿಯಿಂದ ಜೋರಾಗಿ ಒತ್ತಿದರೆ ಪಕ್ಕೆಲುಬೇ ಸೊಟ್ಟಗಾಗುತ್ತದೆ. ಕೊನೆಗೆ ಹೊಟ್ಟೆಯ ಮೇಲೆ ದೊಡ್ಡ ಕಿಟಕಿ ಕೊಯ್ಯುತ್ತಾರೆ, ಉಸಿರಾಟಕ್ಕೂ ಊಟಕ್ಕೂ. ಬೆನ್ನಿನಲ್ಲಿ ತಗ್ಗಾದ ಕಡೆ ಇನ್ನೊಂದು ಕಿಟಕಿ, ಅದುಮಿದ ಪಕ್ಕೆಲುಬು ಹಿಂದಕ್ಕೆ ಬರಲಿ ಎಂದು. ನೋಡುತ್ತಾ ಇರಿ, ಎರಡೇ ದಿನದಲ್ಲಿ ಆ ಕವಚ ತೊಟ್ಟುಕೊಂಡೇ ಓಡಾಡುತ್ತಾನೆ.

ಕಷ್ಟ ಇರುವುದು ಬೇಸಿಗೆಯಲ್ಲಿ. ನಿಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ದಾಟುತ್ತದೆ. ಪ್ಲಾಸ್ಟರ್ ಒದ್ದೆ ಮಾಡುವ ಹಾಗಿಲ್ಲ, ಅತ್ತೆಯವರ ಎರೆಯುವ ಕೆಲಸಕ್ಕೆ ಒಂದಷ್ಟು ಕಾಲ ರಜೆ. ಹಿಂಡಿದ ಬಟ್ಟೆಯಿಂದ ಮುಖ, ಕೈಕಾಲು ಒರೆಸಿ. ಅಂಚಿನೊಳಗೆ ಪೌಡರ್ ಸುರಿಯಬೇಡಿ, ಬೆವರಿಗೆ ಅದು ಗಂಟು ಕಟ್ಟುತ್ತದೆ. ಒಂದೇ ಸಲ ಹೊಟ್ಟೆ ತುಂಬ ತಿನ್ನಿಸದೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ರೊಟ್ಟಿ ಹಾಲಿನಲ್ಲಿ ನೆನೆಸಿದ್ದಾದರೂ ಸರಿ. ಕೆಲವು ಕಡೆ ಕಡು ಬೇಸಿಗೆಯಲ್ಲಿ ಪ್ಲಾಸ್ಟರ್ ಬಿಚ್ಚಿ ಬೆಲ್ಟ್ ಕೊಡುತ್ತಾರೆ. ಈಗಲೇ ಕೇಳಿಟ್ಟುಕೊಳ್ಳಿ. ಬಿಟ್ಟೂ ಬಿಡದೆ ವಾಂತಿ, ಉಸಿರಾಡಲು ಕಷ್ಟ, ಒಳಗಿನಿಂದ ಕೊಳೆತ ವಾಸನೆ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಹೊರಡಿ.

ಮಾಲೀಶು, ಎಲುಬು ಕೂರಿಸುವವರು ಎಂದು ಯಾರಾದರೂ ಹೇಳಿದರೆ ಬೇಡ. ಮೆಲ್ಲಗೆ ಎಣ್ಣೆ ಹಚ್ಚಿದರೆ ಕೆಡುಕಿಲ್ಲ, ಒಳಿತೂ ಇಲ್ಲ. ಬೆನ್ನು ತಿರುವಿ "ಲಟಕ್" ಅನಿಸುವುದು ಮಾತ್ರ ಅಪಾಯ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೂ ಮಗುವನ್ನು ತೋರಿಸಿ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಇದ್ದರೆ ಮುಂದಿನ ಓಡಾಟ ಹಗುರ. ಹೋಗುವಾಗ ಹಳೆಯ ಎಕ್ಸ್‌ರೇ ಎರಡನ್ನೂ ಮಡಿಚದೆ ಒಯ್ಯಿರಿ. ಮೊಬೈಲಿನಲ್ಲಿ ತೆಗೆದ ಫೋಟೋ ಮೇಲೆ ಕೋನ ಸರಿಯಾಗಿ ಅಳೆಯಲು ಬರುವುದಿಲ್ಲ.

ಮೊದಲ ಪ್ಲಾಸ್ಟರ್ ಈ ತಿಂಗಳೇ ಆಗಿಹೋಗಲಿ. ಎರಡನೆಯದರ ದಿನಾಂಕ ಚಾಟ್ನಿಯ ಮಧ್ಯೆ ಬಂದರೆ ಒಂದು ವಾರ ಆಚೀಚೆ ಮಾಡಿಕೊಡಿ ಎಂದು ಕೇಳಿ. ಅಷ್ಟು ಮಾಡಿಕೊಡುತ್ತಾರೆ.